ಅಪ್ಪನ ಕೈಯ ಕಸಿ
ನಮ್ಮೂರು ಹುಲಗೋಳದ ಹಿತ್ತಲಲ್ಲಿ ಉಪ್ಪಿನಕಾಯಿಯ ಮಾವಾದ ಅಪ್ಪೆಮಿಡಿ ಬೆಳೆಸಬೇಕೆನ್ನುವವರು ಮೊದಲು ಮನೆಯಲ್ಲಿ ಕಸಿ ಬಲ್ಲ ಹಿರಿಯರನ್ನು ಹಿಡಿಯಬೇಕು. ಗೊರಟು ನೆಟ್ಟರೆ ತಾಯಿಮರದ ಪರಿಮಳವೇ ಬರುತ್ತದೆಂಬ ಭರವಸೆಯಿಲ್ಲ, ಫಲಕ್ಕೂ ಎಂಟು-ಹತ್ತು ವರ್ಷ ಕಾಯಬೇಕು. ಕಸಿಗಿಡ ನಾಲ್ಕೈದು ವರ್ಷಕ್ಕೇ ಮಿಡಿ ಬಿಡಬಲ್ಲದು. ನಮ್ಮ ಮನೆಯಲ್ಲಿ ಈ ಕೆಲಸ ಅಪ್ಪನದು. ಮಳೆಗಾಲದ ತೇವದಲ್ಲಿ ಕಾಟುಮಾವಿನ ಎಳೆಸಸಿಯ ತುದಿ ಕತ್ತರಿಸಿ, ನಡುವೆ ಸೀಳಿ, ಪೆನ್ಸಿಲ್ ದಪ್ಪದ ಅಪ್ಪೆ ಕಡ್ಡಿಯನ್ನು ಬೆಣೆಯಾಗಿ ಹೆರೆದು ಕೂರಿಸುತ್ತಾರೆ. ಅದು ಅಲುಗದಂತೆ ನಾನು ಹಿಡಿದಿರಬೇಕು, ಅವರು ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಸಿಪ್ಪೆಯ ಕೆಳಗಿನ ಹಸಿ ಪದರ ಒಂದು ಬದಿಯಲ್ಲಾದರೂ ಕೂಡದಿದ್ದರೆ ಕಡ್ಡಿ ಒಣಗಿತೆಂದೇ ಲೆಕ್ಕ. ಒಬ್ಬರ ಕೈಗೆ ಇದು ಕಷ್ಟ, ಇಬ್ಬರಿದ್ದರೆ ಹಗುರ. ಕಸಿ ಬೇಕಿರುವುದು ಬೇಗ ಫಲ ಪಡೆಯಲಷ್ಟೇ ಅಲ್ಲ, ತಳಿ ಉಳಿಸಲೂ. ಅಘನಾಶಿನಿ, ಶರಾವತಿ ದಂಡೆಗಳಲ್ಲಿ ತಾನಾಗಿ ಬೆಳೆದ ಅಪ್ಪೆಗೆ ಭೌಗೋಳಿಕ ಸೂಚಿ ಮಾನ್ಯತೆಯೇನೋ ಸಿಕ್ಕಿದೆ. ಆದರೆ ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿದು ಕೆಡವುವವರ ಕೈಯಿಂದ ಆ ಮಾನ್ಯತೆ ಮರವನ್ನು ಕಾಯಲಾರದು. ಅನಂತಭಟ್ಟನ ಅಪ್ಪೆಯಂಥ ಹೆಸರಾಂತ ತಳಿ ಊರೂರಿಗೆ ಹಬ್ಬಿದ್ದು ಕಸಿಯಿಂದಲೇ. ನಿಮ್ಮೂರ ಹಳೆಯ ಅಪ್ಪೆಮರ ಇನ್ನೂ ನಿಂತಿದ್ದರೆ, ಈ ಮಳೆಗಾಲದಲ್ಲೇ ಅದರ ನಾಲ್ಕು ಕಡ್ಡಿ ತನ್ನಿ. ಮನೆಯ ಹಿರಿಯರ ಪಕ್ಕ ಕೂತು, ಅವರ ಕೈ ಗಟ್ಟಿಯಿರುವಾಗಲೇ ಕಸಿ ಕಟ್ಟುವುದನ್ನು ಕಲಿತುಕೊಳ್ಳಿ.