ಮಾಮನ ಕಾರಿಗೆ ನಾವು ಆರಿಸಿದ ಚಕ್ರ

ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಎದುರು ಒಂದು ದುಬಾರಿ ಕಾರು ಬಂದು ನಿಂತರೆ ಸಾಕು, ನಮ್ಮ ಹುಡುಗರು ಅಲ್ಲೇ ಗುಂಪು ಕಟ್ಟುತ್ತಾರೆ. ಎಂಜಿನ್ ಎಷ್ಟು ಸಿಸಿ ಎಂದು ಈಗ ಯಾರೂ ಕೇಳುವುದಿಲ್ಲ. ಮೊದಲ ಪ್ರಶ್ನೆಯೇ, "ಅಲಾಯ್ ಎಷ್ಟು ಇಂಚು?" ಹತ್ತೊಂಬತ್ತು ಎಂದರೆ ಮೆಚ್ಚುಗೆ, ಹದಿನೇಳು ಎಂದರೆ ಅಯ್ಯೋ ಪಾಪ. ಆ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವರಲ್ಲಿ ನಾನೂ ಒಬ್ಬ. ಹಾಗಾಗಿ ಯಾರಿಗೂ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನಾನು ಮಾಡಿದ ತಪ್ಪು ನೀವು ಮಾಡದಿರಲಿ ಎಂದಷ್ಟೇ ಬರೆಯುತ್ತಿದ್ದೇನೆ.

ನನ್ನ ಮಾಮ ಹದಿನಾರು ವರ್ಷ ಗಲ್ಫಿನಲ್ಲಿ ಬೇರೆಯವರ ಕಾರು ಓಡಿಸಿ ಊರಿಗೆ ಮರಳಿದವರು. ಒಂದು ದಿನವಾದರೂ ತನ್ನದೇ ಎಂಬ ಒಳ್ಳೆಯ ಕಾರು ಓಡಿಸಬೇಕು ಎಂಬುದು ಅವರ ಬಹಳ ವರ್ಷಗಳ ಆಸೆ. ಊರಿಗೆ ಬಂದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ತ್ರೀ ಸೀರೀಸ್ ಕೊಂಡರು, ಎಫ್30 ಮಾದರಿಯದು. ಕಾರು ಚೆನ್ನಾಗಿತ್ತು. ಚಕ್ರಗಳ ಅಂಚು ಮಾತ್ರ ಕೆರೆದುಹೋಗಿತ್ತು, ಟೈರುಗಳೂ ಸವೆದಿದ್ದವು. "ನಿಮಗೆ ಇದೆಲ್ಲ ಗೊತ್ತಲ್ಲ ಮಕ್ಕಳೇ, ಒಳ್ಳೆಯದು ಯಾವುದೆಂದು ನೋಡಿ ಹೇಳಿ" ಎಂದು ನನಗೂ ನನ್ನ ಚಿಕ್ಕಮ್ಮನ ಮಗನಿಗೂ ಜವಾಬ್ದಾರಿ ಕೊಟ್ಟರು. ನಾವಿಬ್ಬರೂ ಅಂದು ರಾತ್ರಿ ನಿದ್ದೆಯನ್ನೇ ಮಾಡಲಿಲ್ಲ.

ಟೈರಿನ ಮೇಲಿನ ಅಂಕಿಗಳನ್ನು ಓದಲು ನಮಗೆ ಬರುತ್ತಿತ್ತು. ಹಳೆಯ ಟೈರಿನ ಮೇಲೆ 225/50 ಆರ್17 ಎಂದಿತ್ತು. ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 50, ರಿಮ್ಮಿನ ವ್ಯಾಸ 17 ಇಂಚು. ಲೆಕ್ಕ ಹಾಕಿದರೆ ಇಡೀ ಚಕ್ರದ ವ್ಯಾಸ ಸುಮಾರು 657 ಮಿ.ಮೀ. ನಾವು ಆರಿಸಿದ್ದು 235/35 ಆರ್19. ಅದರ ವ್ಯಾಸ 647 ಮಿ.ಮೀ. ವ್ಯತ್ಯಾಸ ಶೇಕಡಾ ಎರಡಕ್ಕಿಂತಲೂ ಕಡಿಮೆ. ಸ್ಪೀಡೋಮೀಟರ್ ಹೆಚ್ಚು ತಪ್ಪಾಗದಿರಲು ವ್ಯತ್ಯಾಸ ಶೇಕಡಾ ಮೂರರೊಳಗೆ ಇರಬೇಕೆಂದು ಕೇಳಿದ್ದೆವು. ನಮ್ಮ ಲೆಕ್ಕ ಸರಿಯಾಗಿದೆ ಎಂದು ಬೀಗಿದೆವು. ಕಪ್ಪು ಬಣ್ಣದ, ತೆಳು ಕಡ್ಡಿಗಳ, ದೊಡ್ಡ ಹೆಸರಿನ ನಕಲು ವಿನ್ಯಾಸದ ಚಕ್ರಗಳು ಬಂದವು. ಮಾಮ ಗಲ್ಫಿನಲ್ಲಿ ಎರಡು ತಿಂಗಳು ದುಡಿದಷ್ಟು ಹಣ ಅಂಗಡಿಗೆ ಹೋಯಿತು.

ಮೊದಲ ವಾರವೇ ಎಂಬತ್ತರ ವೇಗ ದಾಟಿದರೆ ಸ್ಟಿಯರಿಂಗ್ ನಡುಗತೊಡಗಿತು. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಜುಲೈ ತಿಂಗಳಲ್ಲಿ ಹಾಸನದ ಒಂದು ಮದುವೆ ಮುಗಿಸಿ ರಾತ್ರಿ ಶಿರಾಡಿ ಘಾಟಿ ಇಳಿದು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಉಮ್ಮ, ಅಜ್ಜಿ ಮತ್ತು ಮಾಮನ ಪುಟ್ಟ ಮಗಳು. ಮಳೆನೀರು ತುಂಬಿದ್ದ ಗುಂಡಿಯೊಂದು ಕಾಣಲಿಲ್ಲ. ದೊಡ್ಡ ಸದ್ದಾಯಿತು, ಕಾರು ಎಡಕ್ಕೆ ಎಳೆಯಿತು. ಮಾಮನ ಕೈ ಹಳೆಯ ಕೈ, ಹೇಗೋ ಬದಿಗೆ ತಂದು ನಿಲ್ಲಿಸಿದರು. ಮುಂದಿನ ಎಡ ಚಕ್ರದ ಅಂಚು ಒಳಕ್ಕೆ ಬಾಗಿತ್ತು, ಟೈರಿನ ಪಕ್ಕ ಹರಿದಿತ್ತು. ಡಿಕ್ಕಿ ತೆರೆದರೆ ಸ್ಟೆಪ್ನಿಯೇ ಇಲ್ಲ. ಟೋಯಿಂಗ್ ವಾಹನ ಬರುವವರೆಗೆ ಎರಡೂವರೆ ಗಂಟೆ, ಲಾರಿಗಳು ನೀರು ಎರಚಿಕೊಂಡು ಪಕ್ಕದಲ್ಲೇ ಇಳಿಯುತ್ತಿದ್ದ ರಸ್ತೆಯಲ್ಲಿ ನಾವು ನಿಂತಿದ್ದೆವು. ಅಜ್ಜಿ ಒಂದು ಮಾತೂ ಆಡಲಿಲ್ಲ. ನನಗೆ ತಲೆ ಎತ್ತಲು ಆಗಲಿಲ್ಲ.

ಮರುದಿನ ಅಲೈನ್‌ಮೆಂಟ್ ಅಂಗಡಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಚಕ್ರ ಬಿಚ್ಚಿ ನಮ್ಮ ತಪ್ಪುಗಳನ್ನು ಒಂದೊಂದಾಗಿ ತೋರಿಸಿದರು. ಆ ಅರ್ಧ ಗಂಟೆಯಲ್ಲಿ ಕಲಿತದ್ದನ್ನೇ ಇಲ್ಲಿ ಹೇಳುತ್ತೇನೆ.

ಮೊದಲನೆಯದು, ನಾವು ಲೆಕ್ಕ ಹಾಕಿದ್ದು ಹೊರಗಿನ ವ್ಯಾಸವನ್ನು ಮಾತ್ರ. ಹಳೆಯ ಟೈರಿನ ಪಕ್ಕದ ಗೋಡೆ 112 ಮಿ.ಮೀ. ಇತ್ತು, ಹೊಸದರದ್ದು 82. ಗುಂಡಿಯ ಪೆಟ್ಟನ್ನು ನುಂಗುವ ಮೂವತ್ತು ಮಿಲಿಮೀಟರ್ ಗಾಳಿಯ ದಿಂಬನ್ನು ನಾವೇ ಕಿತ್ತುಹಾಕಿದ್ದೆವು. ಆ ಪೆಟ್ಟು ನೇರ ರಿಮ್ಮಿಗೆ ಹೋಯಿತು.

ಎರಡನೆಯದು ಭಾರ. ಗಾತ್ರದ ನಂತರ ಬರುವ ಎರಡು ಅಂಕಿ ಮತ್ತು ಒಂದು ಅಕ್ಷರವನ್ನು ನಾವು ನೋಡಿರಲೇ ಇಲ್ಲ. ಹಳೆಯ ಟೈರು 94, ಅಂದರೆ ಒಂದು ಟೈರು 670 ಕೆ.ಜಿ. ಹೊರಬಲ್ಲದು. ಹೊಸದು 91, ಅಂದರೆ 615 ಕೆ.ಜಿ., ಅದೂ ಹೆಚ್ಚು ಗಾಳಿ ತುಂಬಿದರೆ ಮಾತ್ರ. ನಾಲ್ಕು ಚಕ್ರಕ್ಕೆ 220 ಕೆ.ಜಿ. ಕಡಿಮೆಯಾಯಿತು. ಕಾರು ಖಾಲಿ ಇದ್ದಾಗ ಇದು ಗೊತ್ತಾಗುವುದಿಲ್ಲ, ಮದುವೆಯಿಂದ ಮನೆಮಂದಿಯನ್ನೆಲ್ಲ ತುಂಬಿಕೊಂಡು ಬರುವಾಗ ಗೊತ್ತಾಗುತ್ತದೆ. ಅಕ್ಷರ ಹೇಳುವುದು ವೇಗದ ಮಿತಿ. ಎಚ್ ಎಂದರೆ ಗಂಟೆಗೆ 210 ಕಿ.ಮೀ., ವಿ ಎಂದರೆ 240, ಡಬ್ಲ್ಯು ಎಂದರೆ 270. ಅಷ್ಟು ವೇಗದಲ್ಲಿ ನಾವ್ಯಾರೂ ಹೋಗುವುದಿಲ್ಲ, ಹೋಗಲೂಬಾರದು. ಆದರೂ ಕಾರಿನ ಕಂಪನಿ ಹೇಳಿದ್ದಕ್ಕಿಂತ ಕೆಳಗಿನದನ್ನು ಆರಿಸಬಾರದು.

ಮೂರನೆಯದು, ಆ ನಡುಕ. ಚಕ್ರದ ಬೋಲ್ಟ್ ತೂತುಗಳು ಐದು, ಅವು ಕೂರುವ ವೃತ್ತದ ವ್ಯಾಸ 120 ಮಿ.ಮೀ., ಅದು ಸರಿಯಾಗಿಯೇ ಇತ್ತು. ಚಕ್ರದ ನಡುವಿನ ತೂತು ಮಾತ್ರ 74.1 ಮಿ.ಮೀ. ಇತ್ತು. ಕಾರಿನ ಹಬ್ ಇರುವುದು 72.6. ಒಂದೂವರೆ ಮಿಲಿಮೀಟರ್ ಸಡಿಲ. ಅಲ್ಲಿ ಒಂದು ಸಣ್ಣ ಹಬ್ ರಿಂಗ್ ಹಾಕಿದ್ದರೆ ಚಕ್ರ ನಡುವಿಗೆ ಕೂರುತ್ತಿತ್ತು. ನಮ್ಮ ಅಂಗಡಿಯವನು ಹಾಕಿರಲಿಲ್ಲ, ನಾವು ಕೇಳಿರಲಿಲ್ಲ. "ಬಿಎಂಡಬ್ಲ್ಯು ಚಕ್ರ" ಎಂದ ಮಾತ್ರಕ್ಕೆ ಎಲ್ಲ ಬಿಎಂಡಬ್ಲ್ಯುಗೂ ಹೊಂದುವುದಿಲ್ಲ. ಎಫ್30ರ ನಂತರ ಬಂದ ಜಿ20 ಮಾದರಿಯಲ್ಲಿ ಬೋಲ್ಟ್ ವೃತ್ತವೇ 112 ಮಿ.ಮೀ. ಮರ್ಸಿಡಿಸ್‌ನದೂ 112. ಹಾಗೆಂದು ಒಂದರದ್ದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಬಿಎಂಡಬ್ಲ್ಯು ಬೋಲ್ಟಿನ ಕುತ್ತಿಗೆ ಶಂಕುವಿನಾಕಾರ, ಮರ್ಸಿಡಿಸ್‌ನದು ಗೋಳಾಕಾರ. ಕೂರುವ ಜಾಗ ಹೊಂದದಿದ್ದರೆ ಎಷ್ಟು ಬಿಗಿದರೂ ಬೋಲ್ಟ್ ಸಡಿಲವಾಗುತ್ತದೆ. ಹಾಗೆಯೇ ಆಫ್‌ಸೆಟ್, ರಿಮ್ಮಿನ ಮೇಲೆ ಇಟಿ ಎಂದು ಬರೆದಿರುತ್ತದೆ. ಅದು 15 ಮಿ.ಮೀ. ಕಡಿಮೆಯಾದರೆ ಚಕ್ರ ಅಷ್ಟೇ ಹೊರಗೆ ಬರುತ್ತದೆ. ನೋಡಲು ಚಂದ, ಆದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ, ಬೇರಿಂಗ್ ಮೇಲೆ ಹೊರೆ ಬೀಳುತ್ತದೆ.

ನಾಲ್ಕನೆಯದೇ ನನಗೆ ಹೆಚ್ಚು ನೋವು ತಂದದ್ದು. ಆ ಕಾರಿನ ಹಳೆಯ ಟೈರುಗಳು ರನ್‌ಫ್ಲಾಟ್. ಗಾಳಿ ಪೂರ್ತಿ ಹೋದರೂ ಅವುಗಳ ಗಟ್ಟಿ ಗೋಡೆಯ ಮೇಲೆ 80ರ ವೇಗ ಮೀರದೆ ಸುಮಾರು 80 ಕಿ.ಮೀ. ಹೋಗಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದ್ದು ಅದಕ್ಕಾಗಿಯೇ. ನಾವು ಸಾಮಾನ್ಯ ಟೈರು ಹಾಕಿಸಿ, ಸ್ಟೆಪ್ನಿಯ ಬಗ್ಗೆ ಯೋಚಿಸದೆ, ಎರಡೂ ರಕ್ಷಣೆ ಇಲ್ಲದ ಕಾರಿನಲ್ಲಿ ಅಜ್ಜಿಯನ್ನು ಕೂರಿಸಿ ಘಾಟಿ ಇಳಿಸಿದ್ದೆವು.

ವಿಜ್ಞಾನ ವಿಭಾಗದ ಗೆಳೆಯರೇ, ಇದರಲ್ಲಿ ಪ್ರಥಮ ಪಿಯು ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಇಲ್ಲ. ಬಳೆಯ ಮೊಮೆಂಟ್ ಆಫ್ ಇನರ್ಷಿಯಾ ಎಂಆರ್ ಸ್ಕ್ವೇರ್ ಎಂದು ನಾವೇ ಬರೆದು ಅಂಕ ಪಡೆದಿದ್ದೇವೆ. ರಿಮ್ ದೊಡ್ಡದಾದಂತೆ ಲೋಹದ ಭಾರ ಅಂಚಿಗೆ ಸರಿಯುತ್ತದೆ, ತಿರುಗಿಸಲೂ ನಿಲ್ಲಿಸಲೂ ಹೆಚ್ಚು ಶಕ್ತಿ ಬೇಕಾಗುತ್ತದೆ. ಅಗ್ಗದ ಎರಕದ ಚಕ್ರ ಗಟ್ಟಿಯಾಗಿರಬೇಕಾದರೆ ದಪ್ಪವಿರಬೇಕು, ಹಾಗಾಗಿ ಇನ್ನೂ ಭಾರ. ಬಡಿದು ಮಾಡಿದ ಫೋರ್ಜ್ಡ್ ಚಕ್ರ ಹಗುರ ಮತ್ತು ಗಟ್ಟಿ, ಬೆಲೆಯೂ ಹಾಗೆಯೇ. ಪರೀಕ್ಷೆಯಲ್ಲಿ ಉತ್ತರ ಬರೆದ ನಾನು ಅಂಗಡಿಯಲ್ಲಿ ಅದನ್ನು ನೆನಪಿಸಿಕೊಳ್ಳಲಿಲ್ಲ.

"ಹಾಗಾದರೆ ಶೋಕಿಯೇ ಬೇಡವೇ?" ಎಂದು ಗೆಳೆಯರು ಕೇಳುತ್ತಾರೆ. ಬೇಡವೆಂದು ನಾನು ಹೇಳುವುದಿಲ್ಲ. ಕಷ್ಟಪಟ್ಟು ದುಡಿದವರು ತಮ್ಮ ಕಾರು ಚಂದ ಕಾಣಲಿ ಎಂದು ಬಯಸುವುದರಲ್ಲಿ ತಪ್ಪೇನಿದೆ? ಕಂಪನಿ ತಾನೇ ಆ ಮಾದರಿಗೆ ಕೊಡುವ ಗಾತ್ರಗಳೊಳಗೆ ಆರಿಸಿ ಎಂಬುದಷ್ಟೇ ನನ್ನ ವಾದ. ಎಫ್30ಕ್ಕೆ 225/45 ಆರ್18 ಕಂಪನಿಯದ್ದೇ ಗಾತ್ರ. ವ್ಯಾಸ 660 ಮಿ.ಮೀ., ಗೋಡೆ 101. ಚಂದವೂ ಇದೆ, ದಿಂಬೂ ಉಳಿಯುತ್ತದೆ. ಇದರಲ್ಲಿ ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಹಣ ಕಡಿಮೆ ಇದ್ದರೆ ಮೊದಲು ಟೈರಿಗೆ ಹಾಕಿ, ಚಕ್ರ ಆಮೇಲೆ. ರಸ್ತೆಯನ್ನು ಮುಟ್ಟುವುದು ರಬ್ಬರ್ ಮಾತ್ರ, ಒಂದೊಂದು ಟೈರಿನಿಂದ ಅಂಗೈಯಷ್ಟು ಜಾಗ. ಅಗಲ ಹೆಚ್ಚಾದಷ್ಟೂ ಹಿಡಿತ ಎಂಬುದು ಒಣ ರಸ್ತೆಯ ಮಾತು. ನಮ್ಮ ಕರಾವಳಿಯ ಮಳೆಯಲ್ಲಿ ಅಗಲದ ಟೈರು ನೀರಿನ ಮೇಲೆ ತೇಲುವ ಸಂಭವವೇ ಹೆಚ್ಚು. ಹಲ್ಲಿನ ಆಳ 1.6 ಮಿ.ಮೀ.ಗೆ ಇಳಿಯುವವರೆಗೆ ಕಾನೂನು ಬಿಡುತ್ತದೆ, ಆದರೆ ಮಳೆಗಾಲಕ್ಕೆ ಮೂರಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಟೈರಿನ ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. "ಹೊಸದು" ಎಂದು ಮಾರುವ ಟೈರು ಗೋದಾಮಿನಲ್ಲಿ ಎಷ್ಟು ವರ್ಷ ಮುದುಕನಾಗಿದೆ ಎಂದು ಆಗ ತಿಳಿಯುತ್ತದೆ.

ಮಾಮ ನಮ್ಮನ್ನು ಬೈಯಲಿಲ್ಲ. "ಆರಿಸಿದವರು ನೀವು, ಕೇಳದೆ ಹಣ ಕೊಟ್ಟವನು ನಾನು" ಎಂದರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಹಿರಿಯರು ದುಡಿದಿರುತ್ತಾರೆ, ಕಾಲೇಜಿಗೆ ಹೋಗುವ ಮಕ್ಕಳಿಗೆ ಎಲ್ಲ ಗೊತ್ತಿದೆ ಎಂದು ನಂಬುತ್ತಾರೆ. ಆ ನಂಬಿಕೆಗೆ ಉತ್ತರ ಕೊಡುವ ಮೊದಲು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ನಾವು ಕಲಿಯಬೇಕು.

ಈಗ ಹಳೆಯ ಹದಿನೇಳು ಇಂಚಿನ ಚಕ್ರಗಳಿಗೇ ಬಣ್ಣ ಹೊಡೆಸಿ, 94ರ ರನ್‌ಫ್ಲಾಟ್ ಟೈರು ಹಾಕಿಸಿದ್ದೇವೆ. ಕಳೆದ ವಾರ ಮಾಮ ನನ್ನನ್ನು ಕರೆದೊಯ್ಯಲು ಗೇಟಿಗೆ ಬಂದಿದ್ದರು. "ಹದಿನೇಳೇನಾ?" ಎಂದು ಒಬ್ಬ ಮೂಗು ಮುರಿದ. ಹೌದು, ಹದಿನೇಳೇ ಎಂದೆ. ಅಜ್ಜಿ ಮತ್ತೆ ಆ ಕಾರು ಹತ್ತಿದ್ದಾರೆ, ನನಗೆ ಅಷ್ಟು ಸಾಕು.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ