ಹೊಳೆ ದಾಟಿದ ಮೇಲೆ ಅಂಬಿಗ ಬೇಡವೇ? ಗಡಿಭಾಗದ ಸಿಸ್ಟರುಗಳ ನೌಕರಿಗೆ ದಿಕ್ಕು ಯಾರು?

ಮರಾಠಿಯಲ್ಲಿ 'ಗರಜ್ ಸರೋ, ವೈದ್ಯ ಮರೋ' ಎಂಬ ಗಾದೆ ಇದೆ. ಗರಜು ತೀರಿತು, ಇನ್ನು ವೈದ್ಯ ಸತ್ತರೇನು ಎಂದರ್ಥ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಕನ್ನಡದಲ್ಲಿ ಅನ್ನುತ್ತಾರೆ. ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಜನ ಎರಡೂ ಗಾದೆ ಬಲ್ಲವರು. ಆದರೆ ಈ ಗಾದೆ ವೈದ್ಯರಿಗಿಂತ ಹೆಚ್ಚು ಹೊಂದುವುದು ದವಾಖಾನೆಯಲ್ಲಿ ಹಗಲು ರಾತ್ರಿ ಪಾಳಿ ಮಾಡುವ ಸಿಸ್ಟರುಗಳಿಗೆ.

2020ನೇ ವರ್ಷವನ್ನು ಯಾರೂ ಮರೆತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ದಾದಿಯರ ವರ್ಷ ಎಂದು ಸಾರಿತ್ತು. ಮಾರ್ಚ್ 22ರಂದು ಸಂಜೆ 5 ಗಂಟೆಗೆ ಇಡೀ ದೇಶ ಚಪ್ಪಾಳೆ ತಟ್ಟಿತು, ತಾಟು ಬಾರಿಸಿತು. ಮೂರೇ ದಿನಕ್ಕೆ ಲಾಕ್‌ಡೌನ್ ಬಂತು. ಏಪ್ರಿಲ್-ಜೂನ್ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಕುಸಿಯಿತು. ಬಸ್ಸಿಲ್ಲ, ಪೇಶಂಟ್ ಇಲ್ಲ, ಮುಂದೂಡಬಹುದಾದ ಆಪರೇಶನ್ ಎಲ್ಲ ಬಂದ್. ಖಾಸಗಿ ಆಸ್ಪತ್ರೆಗಳ ಗಲ್ಲೆ ಖಾಲಿಯಾಯಿತು. ಎಷ್ಟೋ ಕಡೆ ಪಗಾರ ಅರ್ಧಕ್ಕೆ ಇಳಿಯಿತು, ಎಷ್ಟೋ ಮಂದಿ ಮನೆಗೆ ಹೋದರು. ಚಪ್ಪಾಳೆ ಕಿವಿಯಿಂದ ಮಾಸುವ ಮೊದಲೇ ಕೆಲಸ ಹೋಗಿತ್ತು.

ಕೆಲಸ ಬಿಡಿಸುವ ರೀತಿಯೂ ಬಹುತೇಕ ಒಂದೇ. ರಾತ್ರಿ ಪಾಳಿ ಮುಗಿಸಿ ಹೊರಟ ಹುಡುಗಿಯನ್ನು ಮ್ಯಾನೇಜರ್ ಕರೆಯುತ್ತಾನೆ. "ಪೇಶಂಟ್ ಭಾಳ ಕಮ್ಮಿ ಆಗ್ಯಾರವಾ. ಒಂದ್ನೇ ತಾರೀಖಿನಿಂದ ಬರಬ್ಯಾಡ. ಬೇಕಾದ್ರ ನಾವೇ ಫೋನ್ ಮಾಡ್ತೀವಿ." ಮಾತು ಅಷ್ಟೇ. ನೋಟಿಸು ಇಲ್ಲ, ಲೆಕ್ಕ ಚುಕ್ತಾ ಇಲ್ಲ, ಅನುಭವದ ಸರ್ಟಿಫಿಕೇಟೂ ಇಲ್ಲ. ಊರಿಗೆ ಬಂದರೆ ಅವ್ವ ಕೇಳುತ್ತಾಳೆ, "ಸುಟ್ಟಿ ಎಷ್ಟು ದಿನ ಐತಿ?" ಹುಡುಗಿ ಏನು ಹೇಳಬೇಕು?

ಕಾಗದ ಇದ್ದವರಿಗೆ ಮೊದಲು

ಆಸ್ಪತ್ರೆ ನಡೆಸುವವರ ಕಷ್ಟ ಸುಳ್ಳಲ್ಲ. ಮಶೀನಿನ ಸಾಲಕ್ಕೆ ಬ್ಯಾಂಕಿನ ಕಂತು ತಪ್ಪದು. ಸರಕಾರಿ ಯೋಜನೆಯ ಬಿಲ್ಲು ತಡವಾಗಿ ಕೈಸೇರುತ್ತದೆ. ಮಂದಿಯ ಕೈಯಲ್ಲಿ ರೊಕ್ಕ ಇಲ್ಲದಾಗ ಜಡ್ಡನ್ನೂ ಮುಂದೂಡುತ್ತಾರೆ. ಇಪ್ಪತ್ತು ಹಾಸಿಗೆಯ ಸಣ್ಣ ದವಾಖಾನೆ ಇದನ್ನು ತಾಳುವುದು ಕಠಿಣವೇ.

ಆದರೆ ಒಂದು ವಿಚಾರ ಮಾಡಬೇಕು. ಆದಾಯ ಬಿದ್ದಾಗ ಬ್ಯಾಂಕಿನವರು ಕಂತು ಬಿಡುವುದಿಲ್ಲ, ಲೈಟ್ ಬಿಲ್ಲಿನವರು ಬಿಡುವುದಿಲ್ಲ, ಜಾಗೆಯ ಮಾಲಕ ಬಾಡಿಗೆ ಬಿಡುವುದಿಲ್ಲ. ಇವರೆಲ್ಲರ ಕೈಯಲ್ಲಿ ಸಹಿ ಮಾಡಿದ ಕಾಗದ ಇದೆ. ಸಿಸ್ಟರ್ ಕೈಯಲ್ಲಿ ಮಾತ್ರ ಏನೂ ಇಲ್ಲ. ಹಾಗಾಗಿಯೇ ಉಳಿತಾಯದ ಕತ್ತರಿ ಮೊದಲು ಅವಳ ಮೇಲೆ ಬೀಳುತ್ತದೆ. ಅವಳ ಕೆಲಸ ಕಡಿಮೆ ಮಹತ್ವದ್ದು ಅಂತಲ್ಲ, ಅವಳನ್ನು ತೆಗೆಯುವುದು ಅಗ್ಗ ಅಂತ.

ಕಾಗದ ಇರುವ ಕಡೆ ಅದು ಹನ್ನೊಂದು ತಿಂಗಳ ಕರಾರು. ಹನ್ನೊಂದು ತಿಂಗಳಿಗೆ ಒಂದು ದಿನ ಕೆಲಸ ಬಿಡಿಸಿ ಮತ್ತೆ ಹೊಸ ಕರಾರು. ಈ ಚಾಳಿ ಖಾಸಗಿಯವರದು ಮಾತ್ರ ಅಲ್ಲ. ಕೊರೊನಾ ಕಾಲದಲ್ಲಿ ಮಹಾರಾಷ್ಟ್ರ ಸರಕಾರವೂ ತಾತ್ಪೂರ್ತಿಕ ಎಂದು ಸಿಸ್ಟರುಗಳನ್ನು ತುಂಬಿಕೊಂಡಿತು, ಅಲೆ ಇಳಿದಾಗ ಬಿಡಿಸಿತು, 2021ರ ಎರಡನೇ ಅಲೆಯಲ್ಲಿ ಮತ್ತೆ ಕರೆಯಿತು. 2022ರ ಮೇ ತಿಂಗಳಲ್ಲಿ ಹೊರಗಿನ ಏಜನ್ಸಿ ಮೂಲಕ ಭರ್ತಿ ಮಾಡುವ ನಿರ್ಧಾರ ವಿರೋಧಿಸಿ ಸರಕಾರಿ ಆಸ್ಪತ್ರೆಗಳ ಸಿಸ್ಟರುಗಳು ಸಂಪು ಹೂಡಬೇಕಾಯಿತು. 2023ರ ಸಪ್ಟೆಂಬರ್‌ನಲ್ಲಿ ಒಂಬತ್ತು ಏಜನ್ಸಿಗಳಿಗೆ ಕಂತ್ರಾಟಿ ಭರ್ತಿ ಒಪ್ಪಿಸುವ ಆದೇಶ ಬಂತು. ಜನ ಕೂಗು ಹಾಕಿದ ಮೇಲೆ ಅಕ್ಟೋಬರ್‌ನಲ್ಲಿ ಅದು ರದ್ದಾಯಿತು. ಕೂಗು ಹಾಕದಿದ್ದರೆ?

ಲೆಕ್ಕ ಏನು ಹೇಳುತ್ತದೆ?

ಹೆಚ್ಚಿನ ಹುಡುಗಿಯರಿಗೆ ತಮ್ಮ ಹಕ್ಕಿನ ಲೆಕ್ಕವೇ ಗೊತ್ತಿಲ್ಲ. ಮೊದಲು 1947ರ ಕೈಗಾರಿಕಾ ವಿವಾದ ಕಾಯ್ದೆ ಇತ್ತು. ಆಸ್ಪತ್ರೆಯೂ ಆ ಕಾಯ್ದೆಯ ಪ್ರಕಾರ ಉದ್ಯಮವೇ ಎಂದು 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ವರ್ಷ ತುಂಬಿದ ಕೆಲಸಗಾರರನ್ನು ಕಡಿತ ಮಾಡುವಾಗ ಒಂದು ತಿಂಗಳ ನೋಟಿಸು ಇಲ್ಲವೇ ಅದರ ಪಗಾರ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಕೊಡಬೇಕು ಎಂಬ ನಿಯಮ ಅದರಲ್ಲೂ ಉಳಿದಿದೆ. ಹೊಸ ಕೆಲಸ ಕಲಿಯಲೆಂದು ಇನ್ನೂ 15 ದಿನದ ಪಗಾರ ಸೇರಿದೆ.

ತಿಂಗಳಿಗೆ 12 ಸಾವಿರ ಪಗಾರದ ಮೇಲೆ ನಾಲ್ಕು ವರ್ಷ ದುಡಿದ ಸಿಸ್ಟರ್ ಎಂದು ಹಿಡಿಯಿರಿ. ನೋಟಿಸಿನ ಬದಲು 12 ಸಾವಿರ, ನಾಲ್ಕು ವರ್ಷಕ್ಕೆ ಸುಮಾರು 24 ಸಾವಿರ, ಮೇಲೆ 6 ಸಾವಿರ. ಒಟ್ಟು ಹೆಚ್ಚುಕಮ್ಮಿ 42 ಸಾವಿರ ರೂಪಾಯಿ. "ಬರಬ್ಯಾಡವಾ" ಎಂಬ ಒಂದೇ ಮಾತಿನಲ್ಲಿ ಇಷ್ಟು ರೊಕ್ಕ ಹೋಗುತ್ತದೆ.

ಇದರಲ್ಲಿ ಕೊಕ್ಕೆಯೂ ಇದೆ. ಕರಾರಿನ ಅವಧಿ ಮುಗಿದರೆ ಅದನ್ನು ಕಡಿತ ಎಂದು ಹಿಡಿಯುವುದಿಲ್ಲ. ಪೂರ್ತಿ ಇಲ್ಲವೇ ಬಹುತೇಕ ಧರ್ಮಾರ್ಥ ಸೇವೆ ಮಾಡುವ ಸಂಸ್ಥೆಗಳನ್ನು ಹೊಸ ಸಂಹಿತೆ ಉದ್ಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಾಳೆ ಪ್ರತಿಯೊಂದು ಟ್ರಸ್ಟಿನ ಆಸ್ಪತ್ರೆಯೂ "ನಮ್ಮದು ಸೇವಾ" ಎಂದರೆ ಸಿಸ್ಟರ್ ಎಲ್ಲಿಗೆ ಹೋಗಬೇಕು? ಪೇಶಂಟ್‌ಗೆ ಬಿಲ್ಲು ಮಾಡುವಾಗ ಧಂದೆ, ಸಿಸ್ಟರ್‌ಗೆ ಕೊಡುವಾಗ ಧರ್ಮ ಎಂಬಂತಾಗಬಾರದು.

ಪಗಾರದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ನೇಮಿಸಿದ ಸಮಿತಿ 2016ರಲ್ಲೇ ಶಿಫಾರಸು ಮಾಡಿದೆ. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20 ಸಾವಿರಕ್ಕೆ ಕಡಿಮೆ ಇರಬಾರದು, 200 ಹಾಸಿಗೆ ಮೀರಿದರೆ ಸರಕಾರಿ ಸಿಸ್ಟರ್‌ಗೆ ಸಮನಾಗಿ ಕೊಡಬೇಕು ಎಂದಿತು. ಜಾರಿ ಮಾಡುವ ಕೆಲಸ ರಾಜ್ಯಗಳ ಪಾಲಿಗೆ ಬಂತು. ಕೇರಳದಲ್ಲಿ ಸಿಸ್ಟರುಗಳು ಸಂಘ ಕಟ್ಟಿ ಬೀದಿಗಿಳಿದರು. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರಕಾರ 20 ಸಾವಿರ ಕನಿಷ್ಠ ಪಗಾರದ ಅಧಿಸೂಚನೆ ಹೊರಡಿಸಿತು. ಕಾಸರಗೋಡಿನಲ್ಲಿ ಆದದ್ದು ಅಕ್ಕಲಕೋಟದಲ್ಲಿ ಯಾಕೆ ಆಗಬಾರದು?

ಗಡಿಯ ಎರಡು ಬಾಗಿಲು

ಈ ಕಷ್ಟ ಎಲ್ಲ ಊರಿನ ಸಿಸ್ಟರುಗಳಿಗೂ ಇದೆ. ಗಡಿಭಾಗದ ಹುಡುಗಿಗೆ ಇದರ ಮೇಲೆ ಇನ್ನೊಂದು ಭಾರ. ಅಕ್ಕಲಕೋಟ, ಜತ್ತದ ಕನ್ನಡ ಶಾಲೆಯಲ್ಲಿ ಕಲಿತವಳು ನರ್ಸಿಂಗಿಗೆ ವಿಜಯಪುರಕ್ಕೋ ಕಲಬುರಗಿಗೋ ಹೋಗುತ್ತಾಳೆ. ಅವಳ ನೋಂದಣಿ ಆಗುವುದು ಕರ್ನಾಟಕದ ನರ್ಸಿಂಗ್ ಕೌನ್ಸಿಲಿನಲ್ಲಿ. ಊರಿಗೆ ಬಂದು ಸೋಲಾಪುರ ಇಲ್ಲವೇ ಮೀರಜದಲ್ಲಿ ಕೆಲಸ ಹಿಡಿಯಬೇಕಾದರೆ ಮಹಾರಾಷ್ಟ್ರ ಕೌನ್ಸಿಲಿನ ನೋಂದಣಿ ಬೇಕು. ಬೆಂಗಳೂರಿನ ಕಾಗದ, ಮುಂಬಯಿಯ ಕಾಗದ, ಓಡಾಟದ ಖರ್ಚು ಎಂದು ಎಷ್ಟೋ ಮಂದಿ ಅದನ್ನು ಮುಂದಕ್ಕೆ ಹಾಕುತ್ತಾರೆ. ಅಷ್ಟೇ ಸಾಕು, "ನಿನ್ನ ರಜಿಸ್ಟ್ರೇಶನ್ ಇಲ್ಲೇ ಇಲ್ಲ" ಎಂದು ಪಗಾರ ಇಳಿಸಲು ನೆಪ ಸಿಕ್ಕಿತು. ಕೆಲಸ ಹೋದರೂ ದೂರು ಕೊಡುವ ಧೈರ್ಯ ಅವಳಿಗಿಲ್ಲ.

ಕಾಸರಗೋಡಿನ ಕಡೆ ಇದರ ಇನ್ನೊಂದು ಮುಖ ಕಂಡಿತು. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಜೇಶ್ವರದಿಂದ ಮಂಗಳೂರಿನ ಆಸ್ಪತ್ರೆಗಳಿಗೆ ದಿನಾ ಹೋಗಿಬರುವವರ ದಾರಿಯೇ ಬಂದ್ ಆಯಿತು.

ಇದು ಸಿಸ್ಟರುಗಳ ಮನೆಯ ಪ್ರಶ್ನೆ ಮಾತ್ರ ಅಲ್ಲ. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ಪೇಶಂಟ್‌ಗೆ ಒಬ್ಬ ಸಿಸ್ಟರ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಅಳತೆ. ಇಬ್ಬರನ್ನು ತೆಗೆದರೆ ಉಳಿದವಳ ಮೇಲೆ ಹದಿನೈದು ಹಾಸಿಗೆ ಬೀಳುತ್ತವೆ. ಇಂಡಿಯಿಂದ, ಆಳಂದದಿಂದ ಸೋಲಾಪುರಕ್ಕೆ ಬಂದು ಮಲಗಿದ ಮುದುಕಿಗೆ ನಡುರಾತ್ರಿ ಸಲೈನ್ ಮುಗಿದರೆ ನೋಡುವವರು ಯಾರು? "ಎಲ್ಲಿ ನೋಯತೈತಿ ಅಜ್ಜಿ?" ಎಂದು ಕನ್ನಡದಲ್ಲಿ ಕೇಳುವವಳು ಅದೇ ಹುಡುಗಿ ಆಗಿದ್ದಳು.

ಮಾಡಬೇಕಾದ್ದೇನು?

ಸೋಲಾಪುರದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡ ಮನೆತನಗಳು ಇಲ್ಲಿವೆ. ಗಿರಣಿ ಹೋಯಿತು, ಮಗಳಾದರೂ ಸಿಸ್ಟರ್ ಆಗಲಿ, ದವಾಖಾನೆ ಎಂದೂ ಮುಚ್ಚುವುದಿಲ್ಲ ಎಂದು ಸಾಲ ಮಾಡಿ ಓದಿಸಿದವರು ಇವರು. ದವಾಖಾನೆ ಮುಚ್ಚಲಿಲ್ಲ, ನಿಜ. ಮಗಳಿಗೆ ಮಾತ್ರ ಬಾಗಿಲು ಮುಚ್ಚಿತು. ಗಿರಣಿ ಕಾಮಗಾರರಿಗೆ ಕಡೇ ಪಕ್ಷ ಯೂನಿಯನ್ ಇತ್ತು, ಹಾಜರಿ ಕಾರ್ಡು ಇತ್ತು.

ಮೊದಲ ಕೆಲಸ ಮನೆಯವರದು. ಮಗಳು ಕೆಲಸಕ್ಕೆ ಸೇರುವಾಗ "ಪಗಾರ ಎಷ್ಟು?" ಎಂದು ಕೇಳುವ ಅಪ್ಪ, "ನೇಮಕ ಪತ್ರ ಕೊಟ್ರೇನು?" ಎಂದೂ ಕೇಳಬೇಕು. ಹೊಸ ಸಂಹಿತೆಯಲ್ಲಿ ನೇಮಕ ಪತ್ರ ಕಡ್ಡಾಯ. ಕರಾರಿನ ಕೆಲಸವಾದರೂ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬಂದಿದೆ. ಪಗಾರ ಬ್ಯಾಂಕಿಗೇ ಬರಲಿ, ಪಿಎಫ್ ನಂಬರ್ ಕೇಳಿ ಇಟ್ಟುಕೊಳ್ಳಲಿ, ಒರಿಜಿನಲ್ ಸರ್ಟಿಫಿಕೇಟು ಯಾರ ಕಪಾಟಿನಲ್ಲೂ ಒತ್ತೆ ಇಡದಿರಲಿ.

ಎರಡನೆಯದು ಸರಕಾರಗಳದು. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಬಾಗಿಲು ತೆರೆದ ಕರ್ನಾಟಕ, ಓದು ಮುಗಿಸಿ ಹೊರಬಿದ್ದವರನ್ನು ಅಲ್ಲಿಗೇ ಮರೆಯಬಾರದು. ಎರಡೂ ರಾಜ್ಯಗಳ ಕೌನ್ಸಿಲಿನ ಕಾಗದ ಒಂದೇ ಕಡೆ ಆಗುವಂತೆ ಅಕ್ಕಲಕೋಟ, ಜತ್ತದಲ್ಲಿ ವರ್ಷಕ್ಕೊಮ್ಮೆ ಶಿಬಿರ ನಡೆಸಲು ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮುಂದಾಗಬೇಕು. ಮಹಾರಾಷ್ಟ್ರದ ಕಾರ್ಮಿಕ ಇಲಾಖೆ ಖಾಸಗಿ ದವಾಖಾನೆಗಳ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಸಿಸ್ಟರುಗಳಿಗೆ ಶಾಲು ಹೊದಿಸಿದ್ದು ಸಾಕು, ಒಬ್ಬ ವಕೀಲರನ್ನು ಗೊತ್ತು ಮಾಡಿಕೊಟ್ಟರೆ ಅದೇ ದೊಡ್ಡ ಸನ್ಮಾನ.

ಆರ್ಥಿಕ ಹಿಂಜರಿತ ಇಂದು ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ಹೊಳೆ ಒಮ್ಮೆ ದಾಟಿದರೆ ಮುಗಿಯಲಿಲ್ಲ, ಮತ್ತೆ ದಾಟಬೇಕಾಗುತ್ತದೆ. ಆಗ ಅಂಬಿಗನನ್ನು ಕರೆದರೆ ಆತ ಬರುತ್ತಾನೆಯೇ?