ಅಮ್ಮ ಕೇಳಿದ ಲೆಕ್ಕ

ಹಾಸ್ಟೆಲ್ ಅರ್ಜಿಯಲ್ಲಿ ಒಂದು ಕಾಲಂ ಇರುತ್ತದೆ. ತಾಯಿಯ ಉದ್ಯೋಗ. ಅದರ ಮುಂದೆ ನಾವು ಏನು ಬರೆದಿದ್ದೇವೆ? 'ಗೃಹಿಣಿ'. ವಿದ್ಯಾರ್ಥಿವೇತನದ ಅರ್ಜಿಯಲ್ಲೂ ಅದೇ, ಕಾಲೇಜು ಸೇರುವಾಗಲೂ ಅದೇ. ಮುಂದಿನ ಬೆಂಚಿನವನು ಬರೆದ, ನಾವೂ ನೋಡಿ ಬರೆದೆವು. ಗೃಹಿಣಿ ಅಂದರೆ ಗೃಹದಲ್ಲಿ ಇರುವವಳು. ನಮ್ಮಮ್ಮ ಯಾವತ್ತು ಗೃಹದಲ್ಲಿ ಇದ್ದಳು? ಹೊತ್ತು ಹುಟ್ಟೋಕೆ ಮುಂಚೆ ಅವಳು ಯಾರದೋ ಹೊಲದಲ್ಲಿ ಇರುತ್ತಾಳೆ. ನಾವು ಒಂದೇ ಪದದಲ್ಲಿ ಅವಳ ಇಡೀ ದುಡಿಮೆಯನ್ನು ಅಳಿಸಿಹಾಕಿದ್ದೇವೆ. ಶಾನುಭೋಗರು ಅಳಿಸಿದರು, ಜಮೀನ್ದಾರರು ಅಳಿಸಿದರು ಅಂತ ಸಭೆಯಲ್ಲಿ ಮೈಕು ಹಿಡಿದು ಕೂಗುವ ನಾವೇ, ನಮ್ಮ ಕೈಯಾರೆ, ನೀಲಿ ಪೆನ್ನಿನಲ್ಲಿ ಅಳಿಸಿದ್ದೇವೆ.

ಮುಳಬಾಗಿಲಿಂದ ಹತ್ತು ಕಿಲೋಮೀಟರು ದೂರ ಕುರುಡುಮಲೆ. ಬೆಟ್ಟದ ಮಗ್ಗುಲಿಗೆ ನಮ್ಮ ಎ.ಕೆ. ಕಾಲೋನಿಗಳು. ಅಲ್ಲಿಯ ಒಬ್ಬ ಅಮ್ಮನ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಬೇಡ. ಓದಿದ ಮೇಲೆ ನಿಮಗೇ ಗೊತ್ತಾಗುತ್ತೆ, ಅವಳು ನಿಮ್ಮಮ್ಮನೂ ಹೌದು.

ಟೊಮೇಟೊ ಕಾಲದಲ್ಲಿ ನಮ್ಮಮ್ಮ ನಾಲ್ಕು ಗಂಟೆಗೇ ಏಳುತ್ತಾಳೆ. ಮುದ್ದೆ ತಿರುವಿ, ನೀರು ಹಿಡಿದು, ಟೆಂಪೋ ಹತ್ತಿ ಹೋಗುತ್ತಾಳೆ. ಹಣ್ಣು ಬಿಡಿಸಿ ಬಾಕ್ಸಿಗೆ ತುಂಬಿದರೆ ಅದು ವಡ್ಡಹಳ್ಳಿ ಮಾರ್ಕೆಟ್ಟಿಗೋ ಕೋಲಾರದ ಮಾರ್ಕೆಟ್ಟಿಗೋ ಹೋಗುತ್ತೆ, ಅಲ್ಲಿಂದ ಲಾರಿ ಹತ್ತಿ ಎಲ್ಲೆಲ್ಲಿಗೋ ಹೋಗುತ್ತೆ. ಗಿಡದ ಅಂಟು ಅವಳ ಕೈಗೆ ಮೆತ್ತಿ ಮೊದಲು ಹಸಿರಾಗಿ ಆಮೇಲೆ ಕಪ್ಪಾಗುತ್ತೆ. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗೋದಿಲ್ಲ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಪೇಪರಿನವರು, ಟೀವಿಯವರು ಬಂದು ಲಕ್ಷಾಧಿಪತಿಯಾದ ರೈತರ ಫೋಟೋ ತೆಗೆದರು. ಹಣ್ಣು ಕದಿಯುತ್ತಾರೆ ಅಂತ ತೋಟಕ್ಕೆ ಕಾವಲು ಹಾಕಿದರು. ನಮ್ಮಮ್ಮ ನಕ್ಕಳು:

"ಹಣ್ಣಿಗೆ ಕಾವಲು ಹಾಕವ್ರೆ ನಾಯ್ನಾ. ಬಿಡಿಸೋ ಕೈಗೆ ಮಾತ್ರ ಹೋದ್ ವರ್ಷದ್ ಕೂಲೀನೇ. ಹಣ್ಣಿನ್ ರೇಟು ಬಿದ್ದಾಗ ನಮ್ ಕೂಲೀನೂ ಬೀಳ್ತೈತೆ, ಎದ್ದಾಗ ಅದೊಂದೇ ಎದ್ದೋಗ್ತೈತೆ. ಇದೆಂಗೆ?"

ಇದೆಂಗೆ? ಅರ್ಥಶಾಸ್ತ್ರ ಓದುವ ಗೆಳೆಯರು ಉತ್ತರ ಹೇಳಬೇಕು. ಪರೀಕ್ಷೆಗೆ ಬರೆಯುವ ಉತ್ತರ ಬೇಡ, ಅವಳಿಗೆ ಹೇಳುವ ಉತ್ತರ ಬೇಕು.

ನಮ್ಮೂರಿನ ಕಡೆ ಹೊಸ ಕೆಲಸ ಯಾವುದಿದ್ದರೂ ಕುರುಡುಮಲೆ ಗಣೇಶನಿಗೆ ಪೂಜೆ ಮಾಡಿಸಿ ಶುರು ಮಾಡುವುದು ರೂಢಿ. ಒಂದೇ ಕಲ್ಲಿನಲ್ಲಿ ಕಡೆದ 13 ಅಡಿಗೂ ಎತ್ತರದ ಗಣೇಶ. ರಾಜಕೀಯದವರಿಗೂ ಅಲ್ಲಿಂದಲೇ ಶುರು. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಹೊರಡಿಸಿದ್ದು ಇಲ್ಲಿಂದ, ಆಮೇಲೆ ಮುಖ್ಯಮಂತ್ರಿಯೂ ಆದರು. 2022ರ ನವೆಂಬರಿನಲ್ಲಿ ಜೆ.ಡಿ.ಎಸ್.ನ ಪಂಚರತ್ನ ಯಾತ್ರೆಯೂ ಇಲ್ಲೇ ಪೂಜೆ ಮಾಡಿ ಮುಳಬಾಗಿಲಿಂದ ಹೊರಟಿತು. ಮುಂದಿನ ಚುನಾವಣೆಗೆ ಮುಂಚೆ ಕಾಂಗ್ರೆಸ್ಸಿನವರೂ ಬಂದರು. ಅವರು ಬರುವ ಮುನ್ನಾದಿನ ರಸ್ತೆ ಗುಡಿಸುವವರು ಯಾರು? ಹೋದ ಮೇಲೆ ಎಲೆ, ಪ್ಲಾಸ್ಟಿಕ್ಕು, ನೀರಿನ ಬಾಟಲಿ ಎತ್ತುವವರು ಯಾರು? "ಎಲ್ಲಾರ್ದೂ ಇಲ್ಲಿಂದ್ಲೇ ಶುರುವಾಗ್ತೈತೆ. ನಮ್ದು ಎಲ್ಲಿಂದ ಶುರುವಾಗ್ತೈತೋ ಕಾಣೆ" ಅಂತಾಳೆ ಅಮ್ಮ.

ಪಕ್ಕದಲ್ಲೇ ಸೋಮೇಶ್ವರನ ಗುಡಿ ಇದೆ. ಅರ್ಧ ಗುಡಿಯನ್ನು ಜಕಣಾಚಾರಿ ಕೆತ್ತಿದ, ಅರ್ಧ ಅವನ ಮಗ ಡಂಕಣ ಕೆತ್ತಿದ ಅಂತ ನೋಡಲು ಬಂದವರಿಗೆ ಕಥೆ ಹೇಳುತ್ತಾರೆ. ಒಮ್ಮೆ ನಾವೂ ಅಮ್ಮನಿಗೆ ಆ ಕಥೆ ಹೇಳಿದೆವು. ಕೇಳಿಸಿಕೊಂಡು ಅವಳು ಅಂದದ್ದು: "ಅಪ್ಪ ಕೆತ್ತಿದ, ಮಗ ಕೆತ್ತಿದ, ಸರಿ. ಕಲ್ಲು ಹೊತ್ತೋರು ಯಾರು? ಅವರಿಬ್ಬರಿಗೂ ಹಿಟ್ಟು ಬೇಯಿಸಿ ಇಟ್ಟೋಳು ಯಾರು? ಆಯಮ್ಮನ ಹೆಸರು ಏನಂತೆ?" ನಮ್ಮಲ್ಲಿ ಉತ್ತರ ಇರಲಿಲ್ಲ. ಕಥೆ ಕಟ್ಟಿದವರಿಗೂ ಆ ಹೆಸರು ಬೇಕಾಗಿರಲಿಲ್ಲ.

ನಮ್ಮಮ್ಮನಿಗೆ ಓದು ಬರೋದಿಲ್ಲ. ಆದರೆ ಇತಿಹಾಸ ಬರುತ್ತೆ. ಅವಳಪ್ಪ ಜೀತಕ್ಕಿದ್ದ. 1975ರಲ್ಲಿ ಜೀತ ರದ್ದಾಯಿತು, 1976ರಲ್ಲಿ ಕಾಯಿದೆ ಬಂತು. ತಾತನಿಗೆ ಕಾಯಿದೆ ಬಂದದ್ದು ಗೊತ್ತಾಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಸರ್ಕಾರ ಮಂಜೂರು ಮಾಡಿದ್ದ ಎರಡೆಕರೆ ದಿಣ್ಣೆ ಜಮೀನು ಅಮ್ಮನ ಮದುವೆ ಸಾಲಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಯಿತು. ನಮ್ಮವರಿಗೆ ಮಂಜೂರಾದ ಭೂಮಿ ಪರಭಾರೆ ಆಗಬಾರದು ಅಂತ 1978ರಲ್ಲೇ ಪಿ.ಟಿ.ಸಿ.ಎಲ್. ಕಾಯಿದೆ ಬಂದಿತ್ತು. 2017ರಲ್ಲಿ ಸುಪ್ರೀಂ ಕೋರ್ಟು ಸಕಾಲದಲ್ಲಿ ಅರ್ಜಿ ಹಾಕಿರಬೇಕು ಅಂತ ತೀರ್ಪು ಕೊಟ್ಟ ಮೇಲೆ ಎಷ್ಟೋ ಜನರ ಕೇಸು 'ತಡವಾಯಿತು' ಎಂಬ ಒಂದು ಮಾತಿನಲ್ಲಿ ಬಿದ್ದುಹೋದವು. ಹೋರಾಟದ ಫಲವಾಗಿ 2023ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಕಾಲಮಿತಿ ಇಲ್ಲ ಅಂತಾಯಿತು. ಇದನ್ನು ಅಮ್ಮನಿಗೆ ಓದಿ ಹೇಳಿದರೆ ಅವಳು ಕೇಳಿದ್ದು ಇಷ್ಟೇ: "ತಡ ಮಾಡಿದ್ದು ನಾವಾ, ಅವರಾ?"

ಕಂಬಾಲಪಲ್ಲಿ ಅಂದರೆ ಅವಳು ಈಗಲೂ ದನಿ ತಗ್ಗಿಸುತ್ತಾಳೆ. 2000ದ ಮಾರ್ಚ್ 11. ಚಿಂತಾಮಣಿ ತಾಲ್ಲೂಕು, ಆಗ ನಮ್ಮದೇ ಜಿಲ್ಲೆ. ಏಳು ಜನ ದಲಿತರನ್ನು ಮನೆಯೊಳಗೆ ಹಾಕಿ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸುಟ್ಟವರು ಯಾರೂ ಇಲ್ಲ, ಸತ್ತವರು ಮಾತ್ರ ಏಳು ಜನ! ಸುದ್ದಿ ಬಂದ ದಿನ ನಮ್ಮ ಕಾಲೋನಿಯ ಅಮ್ಮಂದಿರು ಬಾಗಿಲಿಗೆ ಹೊರಗಿನ ಚಿಲಕ ಇರಬಾರದು ಅಂತ ಕಿತ್ತುಹಾಕಿಸಿದರಂತೆ. ನಮ್ಮ ಮನೆ ಬಾಗಿಲಲ್ಲಿ ಆ ಮೊಳೆಯ ತೂತು ಹಾಗೇ ಇದೆ. ಚಿಕ್ಕಂದಿನಲ್ಲಿ ಅದರಲ್ಲಿ ಕಣ್ಣಿಟ್ಟು ಆಟ ಆಡುತ್ತಿದ್ದೆವು. ಅದು ಏನು ಅಂತ ಅವಳು ಹೇಳಿದ್ದು ನಾವು ಕಾಲೇಜಿಗೆ ಬಂದ ಮೇಲೆ.

ಈಗ ಇವತ್ತಿನ ಲೆಕ್ಕಕ್ಕೆ ಬರೋಣ.

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತು. ಅದೇ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು, ತಿಂಗಳಿಗೆ ಎರಡು ಸಾವಿರ. ಅದನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರ ಜೊತೆ ನಾವಿಲ್ಲ. ಜೀವಮಾನದಲ್ಲಿ ಮೊದಲ ಸಲ ನಮ್ಮಮ್ಮನ ಹೆಸರಿಗೇ ದುಡ್ಡು ಬಂತು. ಸಂಘದ ಕಂತು ಕಟ್ಟಿದಳು, ಫೈನಾನ್ಸಿನವನು ಬಾಗಿಲಲ್ಲಿ ಕೂರೋದು ಒಂದು ವಾರ ತಪ್ಪಿತು. ಈ ಫೈನಾನ್ಸ್ ಕಾಟ ಎಷ್ಟಾಗಿತ್ತೆಂದರೆ 2025ರ ಫೆಬ್ರವರಿಯಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ಆ ಎರಡು ಸಾವಿರ ಅವಳ ಹಕ್ಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದು ಯಾವ ಗಂಟಿನಿಂದ ಬಂತು? 2013ರಲ್ಲಿ ಎಸ್.ಸಿ.ಎಸ್.ಪಿ., ಟಿ.ಎಸ್.ಪಿ. ಕಾಯಿದೆ ಬಂತು. ಯೋಜನಾ ಹಣದಲ್ಲಿ ನೂರಕ್ಕೆ 24.1 ಪಾಲು ಪರಿಶಿಷ್ಟರಿಗೇ ಮೀಸಲು. ಹಾಸ್ಟೆಲು, ವಿದ್ಯಾರ್ಥಿವೇತನ, ಗಂಗಾ ಕಲ್ಯಾಣದ ಬೋರ್‌ವೆಲ್, ಭೂ ಒಡೆತನ, ಇವೆಲ್ಲ ಆ ಗಂಟಿನ ಬಾಬ್ತು. 2023-24ರಲ್ಲಿ ಆ ಗಂಟಿನಿಂದ ಸುಮಾರು 11 ಸಾವಿರ ಕೋಟಿಯನ್ನು ಗ್ಯಾರಂಟಿಗಳಿಗೆ ತೋರಿಸಿದರು. ಕೇಳಿದರೆ, ನಿಮ್ಮವರಿಗೆ ಕೊಟ್ಟದ್ದನ್ನೇ ಅಲ್ಲಿ ಬರೆದಿದ್ದೇವೆ ಅನ್ನುತ್ತಾರೆ. ಅಲ್ಲ ಸ್ವಾಮಿ, ಊರೊಳಗಿನ ಗೌಡ್ರಮ್ಮನಿಗೂ ಎರಡು ಸಾವಿರ ಬಂತು. ಅದನ್ನು ಎಲ್ಲರ ಖಜಾನೆಯಿಂದ ಕೊಟ್ಟಿರಿ. ನಮ್ಮಮ್ಮನದನ್ನು ಮಾತ್ರ ನಮ್ಮದೇ ಗಂಟು ಬಿಚ್ಚಿ ಕೊಟ್ಟಿರಿ. ಎಲ್ಲರ ಖಜಾನೆಯಲ್ಲಿ ನಮ್ಮಮ್ಮ ಇಲ್ಲವಾ?

ನಾವು ಇದನ್ನು ಒಲೆ ಮುಂದೆ ಕೂತು ವಿವರಿಸಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗಂದಳು: "ಅಂದ್ರೆ ನಿನ್ ತಟ್ಟೇಲಿದ್ದ ಹಿಟ್ಟು ತೆಗ್ದು ನನ್ ತಟ್ಟೆಗೆ ಹಾಕವ್ರೆ. ಹಾಕ್ಬಿಟ್ಟು, ನೋಡಮ್ಮಾ ನಿಂಗೆ ಹಿಟ್ಟು ಕೊಟ್ಟೆ ಅಂತಾರೆ. ಅಷ್ಟೇ ತಾನೆ?"

ಅಷ್ಟೇ ಅಮ್ಮಾ. ನಾವು ಕರಪತ್ರದಲ್ಲಿ ಎರಡು ಪುಟ ಬರೆದದ್ದನ್ನು ಅವಳು ಎರಡು ತಟ್ಟೆಯಲ್ಲಿ ಹೇಳಿದಳು.

ನಮ್ಮ ಜಿಲ್ಲೆಯಲ್ಲಿ ನೂರಕ್ಕೆ 30 ಜನ ಪರಿಶಿಷ್ಟ ಜಾತಿಯವರು ಅಂತ 2011ರ ಜನಗಣತಿ ಹೇಳುತ್ತೆ. ಕೋಲಾರ ಲೋಕಸಭೆ ಮೀಸಲು, ಮುಳಬಾಗಿಲು ವಿಧಾನಸಭೆ 2008ರಿಂದ ಮೀಸಲು. ಆದರೂ 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಏನಾಯಿತು? ಜಾತ್ರೆಯಲ್ಲಿ ದೇವರ ಕೋಲು ಮುಟ್ಟಿದ ಅಂತ ಒಬ್ಬ ಹುಡುಗನ ಮನೆಗೆ 60 ಸಾವಿರ ದಂಡ ಹಾಕಿದರು. ಅವನಮ್ಮ ಹೊತ್ತಿಗೆ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕೆಲಸ ಮಾಡಿ ರಾತ್ರಿ ಮನೆ ಸೇರುವವಳು. ಆಯಮ್ಮ ಏನು ಮಾಡಿದಳು? ಮನೆಯಲ್ಲಿದ್ದ ದೇವರ ಫೋಟೋಗಳನ್ನು ಇಳಿಸಿ ಬಾಬಾಸಾಹೇಬರ ಫೋಟೋ ಇಟ್ಟಳು. ಯಾವ ಶಿಬಿರಕ್ಕೂ ಕಾಯಲಿಲ್ಲ, ನಮ್ಮ ಭಾಷಣಕ್ಕೂ ಕಾಯಲಿಲ್ಲ. ಮುಂದಿನ ವರ್ಷದ ಡಿಸೆಂಬರಿನಲ್ಲಿ ಅದೇ ತಾಲ್ಲೂಕಿನ ಯಲವಹಳ್ಳಿಯ ವಸತಿ ಶಾಲೆಯಲ್ಲಿ ನಮ್ಮ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ್ದು ಬಯಲಾಗಿ ಪ್ರಾಂಶುಪಾಲರ ಬಂಧನವಾಯಿತು. ಆ ಸುದ್ದಿ ಕೇಳಿ ಅಮ್ಮ ಊಟ ಬಿಟ್ಟಳು. "ಅದ್ರಿಂದ ಬಿಡಿಸ್ಬೇಕು ಅಂತ ತಾನೇ ನಾಯ್ನಾ ಸ್ಕೂಲಿಗೆ ಕಳ್ಸಿದ್ದು?"

ಇನ್ನು ನಮ್ಮ ತಪ್ಪಿನ ಲೆಕ್ಕ. ಅದನ್ನು ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ಉಚಿತ ಬಸ್ಸು ಬಂದ ಮೇಲೆ ಒಬ್ಬ ಅಮ್ಮ ಹಾಸ್ಟೆಲಿಗೆ ಬಂದಳು. ಮಡಿಲಲ್ಲಿ ಬೇಯಿಸಿದ ಕಡ್ಲೆಕಾಯಿ, ಕೈ ತುಂಬ ಟೊಮೇಟೊ ಕಪ್ಪು. ಗೇಟಿನಲ್ಲಿ ಗೆಳೆಯರು ಯಾರೋ ಅದು ಅಂತ ಕೇಳಿದರು. "ನಮ್ಮೂರೋರು" ಅಂದ ಮಗ. ಅವಳಿಗೆ ಕೇಳಿಸಿತು. ಕಡ್ಲೆಕಾಯಿ ಕೊಟ್ಟು, ಎಲ್ಲಾರೂ ತಿನ್ರಪ್ಪಾ ಅಂದು, ಬಂದ ಬಸ್ಸಿಗೇ ವಾಪಸು ಹೋದಳು. ಆ ಮಗ ಯಾರು ಅಂತ ಹೇಳುವುದಿಲ್ಲ. ನಾವೆಲ್ಲರೂ ಒಂದಲ್ಲ ಒಂದು ದಿನ ಅವನೇ ಆಗಿದ್ದೇವೆ. ಜಾತಿ ಹೊರಗಿನಿಂದ ನಮ್ಮನ್ನು ಹೊಡೆಯುತ್ತೆ, ನಿಜ. ಒಳಗೆ ಕೂತು ಅಮ್ಮನನ್ನು 'ನಮ್ಮೂರೋರು' ಮಾಡಿಸುವುದೂ ಅದೇ ಜಾತಿ.

ಚಳವಳಿಯ ಕಥೆಯೂ ಬೇರೆಯಲ್ಲ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದಾಗಿನಿಂದ ನಮ್ಮ ಸಭೆಗಳಿಗೆ ಅನ್ನ ಬೇಯಿಸಿದವರು ಯಾರು? ಜಾಥಾ ಬಂದಾಗ ಕಾಲೋನಿಯಲ್ಲಿ ನೀರು ಕೊಟ್ಟವರು ಯಾರು? ವೇದಿಕೆ ಮೇಲೆ ಮಾತ್ರ ಗಂಡಸರ ಸಾಲು. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲೇ ಹೆಂಗಸರನ್ನು ಸೇರಿಸಿ ಮಾತಾಡಿದ್ದರು. 1942ರಲ್ಲಿ ನಾಗಪುರದಲ್ಲಿ ನಮ್ಮ ಹೆಂಗಸರದೇ ಸಮ್ಮೇಳನ ನಡೆದಿತ್ತು. ನಾವು ಅವರ ಫೋಟೋ ಹೊತ್ತೆವು, ಈ ಮಾತು ಹೊರಲಿಲ್ಲ. 2024ರ ಆಗಸ್ಟ್ 1ರ ಒಳಮೀಸಲಾತಿ ತೀರ್ಪಿನ ಮೇಲೆ ಹಾಸ್ಟೆಲಿನಲ್ಲಿ ಎಡಗೈ ಬಲಗೈ ಅಂತ ಊಟದ ಸಾಲು ಬೇರೆಯಾದದ್ದನ್ನೂ ಕಂಡೆವು. ಪಾಲು ಸರಿಯಾಗಿ ಹಂಚಿಕೆಯಾಗಲಿ, ಅದು ನ್ಯಾಯ. ಆದರೆ ಅಮ್ಮ ಹೇಳಿದ್ದನ್ನು ಕೇಳಿ: "ಪಾಲಾದ್ರೂ ಒಂದೇ ಒಲೇಲಿ ಬೆಂದಿರೋದು ಅಂತ ನೆಪ್ಪಿರ್ಲಿ."

ಆದ್ದರಿಂದ ಗೆಳೆಯರೇ, ನಾವು ಹೇಳುವುದು ಇಷ್ಟು.

ಮುಂದಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ 'ಕೂಲಿ' ಅಂತಲೇ ಬರೆಯಿರಿ. ಗುಮಾಸ್ತ ತಿದ್ದಲು ಹೇಳಿದರೆ ತಿದ್ದಬೇಡಿ.

ಈ ಸಲ ರಜಕ್ಕೆ ಹೋದಾಗ ಮೊಬೈಲು ಪಕ್ಕಕ್ಕಿಟ್ಟು ಒಲೆ ಮುಂದೆ ಕೂರಿ. ಅಮ್ಮನನ್ನು ಕೇಳಿ, ಬರೆದುಕೊಳ್ಳಿ: ತಾತ ಯಾರ ಮನೆಯಲ್ಲಿ ಜೀತಕ್ಕಿದ್ದ, ಮಂಜೂರಾದ ಜಮೀನಿನ ಸರ್ವೆ ನಂಬರೆಷ್ಟು, ಅದು ಯಾವ ವರ್ಷ ಯಾರ ಕೈಗೆ ಹೋಯಿತು. ಅದು ಬರೀ ನೆನಪಲ್ಲ, ನಾಳೆ ಎ.ಸಿ. ಕೋರ್ಟಿನಲ್ಲಿ ಬೇಕಾಗುವ ದಾಖಲೆ.

ಮುಂದಿನ ಸಭೆಗೆ ಅಮ್ಮನನ್ನು ಕರೆದುಕೊಂಡು ಬನ್ನಿ. ಅಡುಗೆಗಲ್ಲ, ಮುಂದಿನ ಸಾಲಿಗೆ. ಮಂತ್ರಿಗಳು ಬಂದಾಗ ಆ ಎರಡು ತಟ್ಟೆಯ ಲೆಕ್ಕವನ್ನು ಅವಳೇ ಕೇಳಲಿ. ನಾವು ಕೇಳಿದರೆ ಅಂಕಿ ಅಂಶ ಓದಿ ತಪ್ಪಿಸಿಕೊಳ್ಳುತ್ತಾರೆ. ಅವಳು ಕೇಳಿದರೆ ಉತ್ತರ ಕೊಡಲೇಬೇಕು.

ಮತ್ತೆ ಗೇಟಿನಲ್ಲಿ ಯಾರಾದರೂ ಯಾರದು ಅಂತ ಕೇಳಿದರೆ ಗಟ್ಟಿಯಾಗಿ ಹೇಳೋಣ. ನಮ್ಮಮ್ಮ.

ಜೈ ಭೀಮ್.